ಹೊಲದಂಚಿನ ಸಮಾಧಿಗಳನ್ನು ಸರಿಮಾಡಿದ್ದು

ಬನವಾಸಿ ಹತ್ತಿರ ನಮ್ಮ ಗದ್ದೆಯಂಚಿಗೆ ಮನೆತನದ ಸಮಾಧಿಗಳಿವೆ. ಲಂಟಾನ ಕಡಿಸುವ ಮೊದಲು ಶಿರಸಿ ತಾಲೂಕು ಕಚೇರಿಯಲ್ಲಿ ಕೈಬರಹದ ಹಳೆ ಪಹಣಿ, ಸರ್ವೆ ಟಿಪ್ಪಣಿಗಳ ನಕಲು ತೆಗೆಸಿದೆ. ಹೂಳಲು ಬಳಸುವ ಜಾಗ ‘ಬಿ’ ಖರಾಬಿಗೆ, ಅಂದರೆ ಸಾರ್ವಜನಿಕ ಬಳಕೆಯದೆಂದು ಕಂದಾಯ ಹಾಕದೆ ಬಿಟ್ಟ ಜಮೀನಿಗೆ, ಸೇರುತ್ತದೆ, ಅದನ್ನು ನೋಡಿಕೊಂಡೇ ಮುಂದುವರಿಯಬೇಕು. ಸರ್ವೆಯರ್ ಗಡಿಕಲ್ಲು ತೋರಿಸಿದ ಮೇಲೆ ಪಕ್ಕದ ಗದ್ದೆಯವರ ತಕರಾರೂ ಉಳಿಯಲಿಲ್ಲ.

ನಾವು ಲಿಂಗಾಯತರು. ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು ಹೂಳುವುದರಿಂದ ಚಿರೆಕಲ್ಲಿನ ಕಟ್ಟೆಗಳು ಚೌಕ, ಸಣ್ಣವು. ಉದ್ದನೆಯ ದಿಬ್ಬ ಹುಡುಕಿದರೆ ಅರ್ಧ ಸಮಾಧಿ ಕಣ್ಣಿಗೇ ಬೀಳುವುದಿಲ್ಲ.

ಬರಹವಿದ್ದದ್ದು ಒಂದೇ ಕರಿಕಲ್ಲಿನ ಮೇಲೆ. ಕತ್ತಲಾದ ಮೇಲೆ ಬ್ಯಾಟರಿಯನ್ನು ಕಲ್ಲಿಗೆ ಓರೆಯಾಗಿ ಹಿಡಿದರೆ ಸವೆದ ಅಕ್ಷರಕ್ಕೂ ನೆರಳು ಬೀಳುತ್ತದೆ. ಹಿಟ್ಟು, ಸೀಮೆಸುಣ್ಣ ತಿಕ್ಕುವುದು ಬೇಡವೇ ಬೇಡ. ಕಂಡದ್ದಿಷ್ಟು: ಶಕೆ 18, ಮುಂದಿನ ಎರಡಂಕಿ ಹೋಗಿದೆ, ಕಾಳಯುಕ್ತಿ ಸಂವತ್ಸರ, ಆಶ್ವೀಜ. ಸಂವತ್ಸರ 60 ವರ್ಷಕ್ಕೊಮ್ಮೆ ಬರುವುದರಿಂದ 18ರಲ್ಲಿ ಶುರುವಾಗುವ ಶಕೆಗೆ ಕಾಳಯುಕ್ತಿ ಒಂದೇ, 1840. ಶಕೆಯಿಂದ ಇಸವಿ ಪಡೆಯಲು ಯುಗಾದಿಯಿಂದ ಡಿಸೆಂಬರ್‌ವರೆಗಿನ ತಿಂಗಳಿಗೆ 78 ಕೂಡಿಸಬೇಕು, ಆಮೇಲಿನದಕ್ಕೆ 79. ಅಲ್ಲಿಗೆ 1918ರ ಅಕ್ಟೋಬರ್. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಇನ್‌ಫ್ಲುಯೆಂಜಾ ಆ ಪ್ರಾಂತ್ಯವನ್ನು ಬಡಿದ ದಿನಗಳವು. ದೊಡ್ಡವ್ವನನ್ನು ಕೇಳಿದೆ. “ನಮ್ಮತ್ತಿ ಹೇಳ್ತಿದ್ಳು, ಒಂದ ಜ್ವರದಾಗ ಮನಿಯಿಂದ ನಾಕ ಮಂದಿ ಹೋದ್ರಂತ” ಎಂದಳು. ಕರಿಕಲ್ಲಿನ ಪಕ್ಕದಲ್ಲೇ ಮೂರು ಬರಹವಿಲ್ಲದ ಕಟ್ಟೆಗಳಿವೆ. ಲೆಕ್ಕ ಹೊಂದುತ್ತದೆ, ನಿಜ. ಆದರೂ ಅವುಗಳ ಮೇಲೆ ಹೆಸರು ಕೆತ್ತಿಸಲು ನಾನು ಒಪ್ಪಲಿಲ್ಲ. ಮನೆತನದ ಪಟ್ಟಿಯಲ್ಲಿ ‘ಇರಬಹುದು’ ಎಂದು ಬರೆದಿಟ್ಟರೆ ಸಾಕು, ಕಲ್ಲಿನ ಮೇಲೆ ಕೆತ್ತಿದ್ದನ್ನು ಮುಂದಿನವರು ಪ್ರಶ್ನಿಸುವುದಿಲ್ಲ.

ರಿಪೇರಿಯಲ್ಲಿ ಜಗಳವಾದದ್ದು ಸಿಮೆಂಟಿಗೆ. ಚಿರೆಕಲ್ಲು ನೀರು ಹೀರುವ ಕಲ್ಲು. ನಮ್ಮ ಕಡೆಯ ಮಳೆಯಲ್ಲಿ ಹೀರಿದ್ದು ಸಂದಿನಿಂದ ಆರಿ ಹೋಗಬೇಕು, ಸಿಮೆಂಟು ಮೆತ್ತಿದರೆ ಒಳಗೇ ನಿಂತು ಕಲ್ಲಿನ ಅಂಚು ಉದುರುತ್ತದೆ. ಹಾಗಾಗಿ ಕುಮಟಾ ಕಡೆಯಿಂದ ಚಿಪ್ಪಿಸುಣ್ಣ ತರಿಸಿ, ಒಂದು ಪಾಲಿಗೆ ಮೂರು ಪಾಲು ಮರಳು ಕೂಡಿಸಿ ಸಂದು ತುಂಬಿಸಿದೆವು. ಈ ಗಾರೆಗೆ ಆತುರ ಆಗದು. ದೀಪಾವಳಿ ಕಳೆದ ಮೇಲೆ ಹಿಡಿದು, ಒದ್ದೆ ಗೋಣಿ ಹೊದಿಸಿ, ನಿಧಾನ ಆರಲು ಬಿಡಬೇಕು. ಕಟ್ಟೆಯಲ್ಲಿ ಬೇರುಬಿಟ್ಟ ಅಶ್ವತ್ಥದ ಸಸಿಯನ್ನು ಕೀಳಲಿಲ್ಲ, ಕಿತ್ತರೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದಾಗೆಲ್ಲ ಚಿವುಟಿ, ಬೇರು ಒಣಗಿದ ಮೇಲೆ ಕಲ್ಲು ಕೂರಿಸಿದ್ದು. ಕರಿಕಲ್ಲನ್ನು ತೊಳೆದದ್ದು ಬರೀ ನೀರು, ತೆಂಗಿನ ನಾರಿನಿಂದ. ತಂತಿ ಬ್ರಷ್ಷು, ಆಸಿಡ್ಡು ಮುಟ್ಟಿದರೆ ಉಳಿದ ಅಕ್ಷರವೂ ಹೋಗುತ್ತದೆ.

ಕೊನೆಗೆ ಅಯ್ಯನವರನ್ನು ಕರೆಸಿ ಪೂಜೆ ಮಾಡಿಸಿದೆವು. “ಗ್ರಾನೈಟ್ ಹಾಕ್ಸಿದ್ರ ಚೊಲೋ ಕಾಣ್ತಿತ್ತು” ಅಂತ ತಮ್ಮ ಇನ್ನೂ ಗೊಣಗುತ್ತಾನೆ. ನಿನ್ನ ಅಂಗಳಕ್ಕ ಹಾಕ್ಸ್ಕೊ ಅಂದಿದ್ದೇನೆ.