ಇಟಲಿಯ ಹಾಸ್ಯ ಆಪೆರಾ: ರೆಕಾರ್ಡಿಂಗ್ ನೋಡಿ ಸವಿಯುವುದು ಹೇಗೆ?

ಇಟಲಿಯ ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ನೋಡಬೇಕೆಂದಿದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ ಹೆಸರು: ಇಟಲಿಯ ಸಂಗೀತಗಾರ ರೊಸ್ಸೀನಿಯ 'ಇಲ್ ಬಾರ್ಬಿಯೇರೆ ದಿ ಸಿವೀಲ್ಯ', ಅಂದರೆ ಸ್ಪೇನಿನ ಸೆವಿಲ್ ಊರಿನ ಕ್ಷೌರಿಕ. 1816ರ ಫೆಬ್ರುವರಿ 20ರಂದು ರೋಮ್‌ನ ಅರ್ಜೆಂಟೀನಾ ರಂಗಮಂದಿರದಲ್ಲಿ ಇದರ ಮೊದಲ ಪ್ರಯೋಗ ನಡೆದಾಗ ರೊಸ್ಸೀನಿಗೆ ಇನ್ನೂ 24 ತುಂಬಿರಲಿಲ್ಲ. ಪೈಸಿಯೆಲ್ಲೊ ಎಂಬ ಹಿರಿಯ ಸಂಗೀತಗಾರ ಇದೇ ಕಥೆಗೆ 1782ರಲ್ಲೇ ಆಪೆರಾ ಮಾಡಿ ಹೆಸರಾಗಿದ್ದ. ಹೊಸ ಹುಡುಗನ ಮೊದಲ ಪ್ರಯೋಗ ಶಿಳ್ಳೆ, ಗಲಾಟೆಯಲ್ಲಿ ಮುಳುಗಿಹೋಯಿತು. ಎರಡನೆಯ ರಾತ್ರಿ ಅದೇ ಊರು ಮೆಚ್ಚಿ ಚಪ್ಪಾಳೆ ತಟ್ಟಿತು.

ಸುಮಾರು ಎರಡೂವರೆ ಗಂಟೆಯ ಈ ಆಪೆರಾವನ್ನು ಮೊದಲ ಸಲವೇ ಆದಿಯಿಂದ ಅಂತ್ಯದವರೆಗೆ ಪಟ್ಟಾಗಿ ಕೂತು ನೋಡಲು ಹೋಗಬೇಡಿ. ಬಿಡಿ ದೃಶ್ಯಗಳಿಂದ ಒಳಗೆ ಹೋಗುವುದು ಒಳ್ಳೆಯ ದಾರಿ. ಇಲ್ಲಿ ನಗು ಹುಟ್ಟುವುದು ಮಾತಿಗಿಂತ ಹೆಚ್ಚಾಗಿ ಲಯದಲ್ಲಿ. ಯಾವ ಗಳಿಗೆಯಲ್ಲಿ ವೇಗ ಏರುತ್ತದೆ, ಯಾರು ಎಲ್ಲಿ ತಡೆಯುತ್ತಾರೆ ಎಂಬುದು ಕಿವಿಗೆ ಹತ್ತಿದರೆ ಇಟಾಲಿಯನ್ ಬಾರದವರಿಗೂ ಇದು ದಕ್ಕುತ್ತದೆ.

ಮೊದಲ ಕೆಲಸ, ಕಥೆ ತಿಳಿದುಕೊಳ್ಳುವುದು. ಇದರಲ್ಲಿ ಗುಟ್ಟು ಕಾಪಾಡಬೇಕಾದ್ದು ಏನೂ ಇಲ್ಲ. ಮೊದಲೇ ಗೊತ್ತಿದ್ದಷ್ಟೂ ಮಜಾ ಹೆಚ್ಚು. ಮುದಿ ವೈದ್ಯ ಬಾರ್ತೊಲೊ ತನ್ನ ಆಶ್ರಯದಲ್ಲಿರುವ ರೊಸೀನಾಳನ್ನು ಮದುವೆಯಾಗಲು ಹೊಂಚು ಹಾಕಿದ್ದಾನೆ. ಅವಳಿಗೆ ಮನಸೋತವನು ಕೌಂಟ್ ಅಲ್ಮವೀವಾ. ಊರಿನ ಎಲ್ಲ ಮನೆಗಳಿಗೂ ಹೋಗಿಬರುವ ಕ್ಷೌರಿಕ ಫಿಗರೊ ಈ ಇಬ್ಬರನ್ನು ಕೂಡಿಸುವ ಕೆಲಸ ಹಿಡಿಯುತ್ತಾನೆ. ಅಲ್ಮವೀವಾ ಒಮ್ಮೆ ಕುಡುಕ ಸೈನಿಕನ ವೇಷದಲ್ಲಿ, ಇನ್ನೊಮ್ಮೆ ಸಂಗೀತದ ಮೇಷ್ಟ್ರ ಬದಲಿಗೆ ಬಂದವನಂತೆ ನಟಿಸಿ ಮನೆ ಹೊಗುತ್ತಾನೆ. ಅಸಲಿ ಸಂಗೀತದ ಮೇಷ್ಟ್ರು ದೊನ್ ಬಾಸಿಲಿಯೊ ದುಡ್ಡು ಕೊಟ್ಟವರ ಕಡೆಗೆ ವಾಲುವ ಆಸಾಮಿ. ಇಟಲಿಯಲ್ಲಿ ಮುಖವಾಡ ಹಾಕಿ ಆಡುತ್ತಿದ್ದ ಕೊಮ್ಮೆದಿಯಾ ದೆಲ್ಲಾರ್ತೆ ತಂಡಗಳಲ್ಲಿ ಜಿಪುಣ ಮುದುಕ, ಪಂಡಿತಮ್ಮನ್ಯ ಡಾಕ್ಟರ, ಚಾಲಾಕಿ ಆಳು ಇವರೆಲ್ಲ ಖಾಯಂ ಪಾತ್ರಗಳು. ಬಾರ್ತೊಲೊ, ಫಿಗರೊ ಆ ವಂಶದವರೇ.

ಪಾತ್ರಗಳ ಪರಿಚಯಕ್ಕೆ ಜಾನ್ ಪಿಯೆರ್ ಪೊನೆಲ್ ನಿರ್ದೇಶಿಸಿದ 1972ರ ಚಿತ್ರ ಒಳ್ಳೆಯದು. ಕ್ಲಾವ್ದಿಯೊ ಅಬ್ಬಾದೊ ಸಂಗೀತ ನಿರ್ವಹಣೆ. ಫಿಗರೊ ಆಗಿ ಹರ್ಮನ್ ಪ್ರೈ, ರೊಸೀನಾ ಆಗಿ ತೆರೇಸಾ ಬೆರ್ಗಾನ್ಸಾ, ಬಾರ್ತೊಲೊ ಆಗಿ ಎಂಜೊ ದಾರಾ. ಹಾಡು ಮೊದಲೇ ಧ್ವನಿಮುದ್ರಣವಾಗಿ, ಕ್ಯಾಮೆರಾ ಮುಂದೆ ತುಟಿ ಆಡಿಸಿದ್ದಾರೆ. ಹಾಗಾಗಿ ಮುಖಭಾವ ತೀರ ಹತ್ತಿರದಿಂದ ಕಾಣುತ್ತದೆ, ಆದರೆ ಹಾಡುವ ಮೈಯ ಶ್ರಮ ಕಾಣುವುದಿಲ್ಲ. ಅದಕ್ಕೆ ರಂಗದ ಮೇಲಿನ ರೆಕಾರ್ಡಿಂಗೇ ಬೇಕು.

ಇನ್ನು ಕಿವಿಯ ಸಾಧನೆ. ಮೊದಲ ಅಂಕದಲ್ಲಿ ಬಾಸಿಲಿಯೊ ಹಾಡುವ 'ಲಾ ಕಲೂನ್ಯಾ' ಹುಡುಕಿ, ಕಣ್ಣು ಮುಚ್ಚಿ ಕೇಳಿ. ಚಾಡಿ ಮಾತು ಹೇಗೆ ಹಬ್ಬುತ್ತದೆ ಎಂದು ಅವನು ಬಾರ್ತೊಲೊಗೆ ಪಾಠ ಹೇಳುತ್ತಿದ್ದಾನೆ: ಮೊದಲು ಮಂದಗಾಳಿ, ಆಮೇಲೆ ಕಿವಿಯಿಂದ ಕಿವಿಗೆ ಪಿಸುಮಾತು, ಕೊನೆಗೆ ಫಿರಂಗಿ ಸಿಡಿತ. ಪಿಟೀಲುಗಳು ಕೇಳಿಯೂ ಕೇಳಿಸದಷ್ಟು ಮೆಲ್ಲಗೆ ಒಂದು ಪುಟ್ಟ ಸ್ವರಗುಚ್ಛ ಎತ್ತಿಕೊಳ್ಳುತ್ತವೆ. ಅದೇ ಗುಚ್ಛ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸುತ್ತಿಗೂ ಇನ್ನಷ್ಟು ವಾದ್ಯ ಸೇರುತ್ತದೆ. 'ಕೋಲ್ಪೊ ದಿ ಕನ್ನೋನೆ' (ಫಿರಂಗಿ ಸಿಡಿತ) ಎಂಬ ಕಡೆ ದೊಡ್ಡ ಡ್ರಮ್ ಗುಡುಗುತ್ತದೆ. ರೊಸ್ಸೀನಿಯ ಹೆಸರಿಗೇ ಅಂಟಿಕೊಂಡ ಏರಿಕೆ ಇದು. ಹೇಳುತ್ತಿರುವ ವಿಷಯ ಮತ್ತು ಸಂಗೀತದ ನಡೆ ಎರಡೂ ಒಂದೇ ಆಗಿಬಿಡುವ ಇಂಥ ಜಾಗ ಆಪೆರಾದಲ್ಲಿ ಅಪರೂಪ. ಒಂದು ಕಿವಿಮಾತು: ಆರಂಭ ಕೇಳಿಸುತ್ತಿಲ್ಲವೆಂದು ವಾಲ್ಯೂಮ್ ಏರಿಸಬೇಡಿ. ಫಿರಂಗಿಯ ಭಾಗಕ್ಕೆ ಹೋಗಿ ಅಲ್ಲಿ ಹದ ಮಾಡಿಕೊಂಡು ಹಿಂದಕ್ಕೆ ಬನ್ನಿ. ಮೊಬೈಲಿನ ಪುಟ್ಟ ಸ್ಪೀಕರ್ ಈ ಹಾಡಿನ ತಗ್ಗು ದನಿಯನ್ನೇ ನುಂಗಿಹಾಕುತ್ತದೆ, ಹೆಡ್‌ಫೋನ್ ಇರಲಿ.

ಸಬ್‌ಟೈಟಲ್ ಬಗ್ಗೆಯೂ ಹೇಳಬೇಕು. ಅದು ಬೇಕು, ಆದರೆ ಪ್ರತಿ ಸಲವೂ ಬೇಡ. ಪರದೆಯ ಮೇಲೆ ಸಾಲು ಮೂಡಿದ ತಕ್ಷಣ ನಾವು ನಕ್ಕುಬಿಡುತ್ತೇವೆ, ಗಾಯಕ ಅದನ್ನು ಹಾಡುವಷ್ಟರಲ್ಲಿ ನಗು ಮುಗಿದಿರುತ್ತದೆ. ದೃಶ್ಯದ ಅರ್ಥ ಒಮ್ಮೆ ಓದಿಕೊಂಡು, ಎರಡನೆಯ ಸಲ ಸಬ್‌ಟೈಟಲ್ ಆರಿಸಿ ನೋಡಿ.

ಆಮೇಲೆ ಹಾಡದವರನ್ನು ನೋಡುವುದು. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ. ಇದಕ್ಕೆ ಎರಡನೆಯ ಅಂಕದ 'ಬೋನಾ ಸೇರಾ' ಪಂಚಗಾನ, ಅಂದರೆ ಐವರು ಸೇರಿ ಹಾಡುವ ಭಾಗ, ತೆಗೆದುಕೊಳ್ಳಿ. ಅಲ್ಮವೀವಾ ಸುಳ್ಳು ಮೇಷ್ಟ್ರಾಗಿ ಪಾಠ ಮಾಡುತ್ತಿರುವಾಗ ಅಸಲಿ ಬಾಸಿಲಿಯೊ ಬಾಗಿಲಲ್ಲಿ ಪ್ರತ್ಯಕ್ಷ. ನಿಮಗೆ ಜ್ವರ, ಮುಖ ಹೆಣದ ಹಾಗೆ ಹಳದಿಯಾಗಿದೆ ಎಂದು ಎಲ್ಲರೂ ಅವನ ಮೇಲೆ ಬೀಳುತ್ತಾರೆ. ಫಿಗರೊ ನಾಡಿ ಹಿಡಿದು ರೋಗದ ಹೆಸರನ್ನೂ ಹೇಳಿಬಿಡುತ್ತಾನೆ. ಅಲ್ಮವೀವಾ ಮೆಲ್ಲಗೆ ಹಣದ ಚೀಲ ಕೈಗಿಡುತ್ತಾನೆ. ಬೇರೆಯದೇ ಕಾರಣಕ್ಕೆ ಬಾರ್ತೊಲೊನಿಗೂ ಅವನು ತೊಲಗಿದರೆ ಸಾಕಾಗಿದೆ. ಸ್ವರ ಮಾತ್ರ ಎಷ್ಟು ನಯ! ಜೋಗುಳದಷ್ಟು ಸಿಹಿಯಾಗಿ 'ಶುಭರಾತ್ರಿ ಸ್ವಾಮಿ' ಎನ್ನುತ್ತಾ ಮನುಷ್ಯನನ್ನು ಹೊರಗೆ ದಬ್ಬುತ್ತಿದ್ದಾರೆ. ಆಗ ಬಾಸಿಲಿಯೊನ ಕೈಗಳನ್ನು ಗಮನಿಸಿ: ಒಂದು ಚೀಲವನ್ನು ತೂಗುತ್ತಿರುತ್ತದೆ, ಇನ್ನೊಂದು ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿಕೊಳ್ಳುತ್ತದೆ. ಒಳ್ಳೆಯ ನಟ ಇಲ್ಲಿ ಒಂದು ಕ್ಷಣ ಆ ಜ್ವರವನ್ನು ತಾನೇ ನಂಬಿಬಿಡುತ್ತಾನೆ.

ಇದೇ ಅಂಕದ 'ಜಿತ್ತಿ ಜಿತ್ತಿ' ಬೇರೆ ಥರದ ತಮಾಷೆ. ಸದ್ದು ಮಾಡದೆ ಬೇಗ ಓಡಿಹೋಗೋಣ ಎಂದು ರೊಸೀನಾ, ಅಲ್ಮವೀವಾ, ಫಿಗರೊ ಮೂವರೂ ಹಾಡುತ್ತಾರೆ, ಹಾಡುತ್ತಲೇ ನಿಲ್ಲುತ್ತಾರೆ, ಅಷ್ಟರಲ್ಲಿ ಬಾಲ್ಕನಿಗೆ ಒರಗಿಸಿದ್ದ ಏಣಿ ಮಾಯ.

ಮುಂದಿನ ಹಂತದಲ್ಲಿ ಒಂದೇ ಜಾಗವನ್ನು ಹಲವು ಗಾಯಕರಲ್ಲಿ ಹೋಲಿಸಿ. ರೊಸೀನಾಳ 'ಊನಾ ವೋಚೆ ಪೋಕೊ ಫಾ' ಇದಕ್ಕೆ ಹೇಳಿಮಾಡಿಸಿದ್ದು. ನಾನು ಸಾಧು, ಹೇಳಿದಂತೆ ಕೇಳುವವಳು ಎಂದು ಹಾಡುತ್ತಾ ಬಂದವಳು 'ಮಾ' ಎನ್ನುತ್ತಾಳೆ, ಅದರ ಅರ್ಥ 'ಆದರೆ'. ಮುಂದಿನದು, ನನ್ನನ್ನು ಕೆಣಕಿದರೆ ಹಾವಾಗುತ್ತೇನೆ ಎಂಬ ಎಚ್ಚರಿಕೆ. ಆ ಒಂದು ಅಕ್ಷರವನ್ನು ಕೆಲವರು ಪಿಸುಗುಟ್ಟುತ್ತಾರೆ, ಕೆಲವರು ಚುಚ್ಚಿದಂತೆ ಬಿಡುತ್ತಾರೆ, ಕೆಲವರು ಎಳೆದು ನಗಿಸುತ್ತಾರೆ. ರೊಸ್ಸೀನಿ ಈ ಪಾತ್ರ ಬರೆದದ್ದು ತಗ್ಗು ಶ್ರುತಿಯ ಹೆಣ್ಣುದನಿಗೆ. ಮೇಲಿನ ಶ್ರುತಿಯವರು ಹಾಡಿದಾಗ ಮಿಂಚು ಹೆಚ್ಚುತ್ತದೆ, ತುಂಟತನ ಕಡಿಮೆಯಾಗುತ್ತದೆಂದು ನನ್ನ ಅನಿಸಿಕೆ.

ಬಾರ್ತೊಲೊನ 'ಆ ಉನ್ ದೊತ್ತೋರ್' ಹಾಡನ್ನೂ ಹೀಗೇ ಹೋಲಿಸಿ. ಕೊನೆಯ ಭಾಗದಲ್ಲಿ ಪದಗಳು ಮಳೆ ಸುರಿದಂತೆ ಬೀಳುತ್ತವೆ. ಇದು ಎಷ್ಟು ಕಷ್ಟವೆಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕರು ಇದನ್ನು ಬಿಟ್ಟು, ಪಿಯೆತ್ರೊ ರೊಮಾನಿ ಬರೆದ ಬೇರೊಂದು ಹಾಡನ್ನು ಹಾಡುತ್ತಿದ್ದರು. ಪ್ರತಿ ವ್ಯಂಜನ ಬಿಡಿಬಿಡಿಯಾಗಿ ಕೇಳುತ್ತಿದೆಯೇ, ಉಸಿರನ್ನು ಎಲ್ಲಿ ಕದಿಯುತ್ತಾರೆ ಎಂದು ನೋಡಿ.

ಈಗ ರಂಗದ ಮೇಲಿನ ರೆಕಾರ್ಡಿಂಗಿಗೆ ಬನ್ನಿ. ಲಂಡನ್ನಿನ ರಾಯಲ್ ಆಪೆರಾ ಹೌಸ್‌ನ 2009ರ ಪ್ರಯೋಗವನ್ನು ಪೂರ್ತಿ ನೋಡಲೇಬೇಕು. ಮೊದಲ ಪ್ರದರ್ಶನದಲ್ಲಿ ರೊಸೀನಾ ಪಾತ್ರದ ಜಾಯ್ಸ್ ಡಿಡೊನಾಟೊ ರಂಗದ ಮೇಲೆಯೇ ಬಿದ್ದು ಕಾಲಿನ ಮೂಳೆ ಮುರಿದುಕೊಂಡರು. ಆ ರಾತ್ರಿ ಊರುಗೋಲು ಹಿಡಿದು ಪಾತ್ರ ಮುಗಿಸಿದರು. ಮುಂದಿನ ಪ್ರದರ್ಶನಗಳಲ್ಲಿ ಗಾಲಿಕುರ್ಚಿಯಲ್ಲಿ ಕೂತು ಹಾಡಿದರು, ಡಿವಿಡಿಯಲ್ಲಿರುವುದು ಅದೇ. ಮನೆಯಲ್ಲಿ ಕೂಡಿಹಾಕಿದ ಹುಡುಗಿಯ ಸಿಟ್ಟು ಆ ಕುರ್ಚಿಯಿಂದ ಇನ್ನೂ ಮೊನಚಾಯಿತು. ಅಲ್ಮವೀವಾ ಆಗಿ ಹ್ವಾನ್ ದಿಯೇಗೊ ಫ್ಲೋರೆಸ್, ಬಾರ್ತೊಲೊ ಆಗಿ ಅಲೆಸ್ಸಾಂದ್ರೊ ಕೊರ್ಬೆಲ್ಲಿ. ಕೊರ್ಬೆಲ್ಲಿ ಮುಖವನ್ನು ಕಿವುಚದೆ, ಗಂಭೀರವಾಗಿದ್ದೇ ನಗಿಸುತ್ತಾರೆ.

ಇಷ್ಟು ಆದ ಮೇಲೆ ಇಟಲಿಯ ಇನ್ನೊಬ್ಬ ಸಂಗೀತಗಾರ ದೊನಿಜೆಟ್ಟಿಯ ಹಾಸ್ಯ ಆಪೆರಾ 'ದೊನ್ ಪಸ್ಕ್ವಾಲೆ'ಗೆ ಹೋಗಿ. 1843ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಆಡಿದ್ದು. ಅದರಲ್ಲಿ ಇಬ್ಬರು ಗಂಡಸರು ಪೈಪೋಟಿಗೆ ಬಿದ್ದು ಉಸಿರು ಬಿಡದೆ ಹಾಡುವ 'ಕೇತಿ ಕೇತಿ' ಯುಗಳವಿದೆ, ಸಭಿಕರು ಮತ್ತೊಮ್ಮೆ ಎಂದು ಕೂಗುವುದು ವಾಡಿಕೆ. ಮರಳಿ ಹಾಡಿದ ರೆಕಾರ್ಡಿಂಗ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಎರಡನೆಯ ಸುತ್ತಿನಲ್ಲಿ ಇಬ್ಬರೂ ಇನ್ನೂ ವೇಗವಾಗಿ ಓಡುತ್ತಾರೆಯೇ ನೋಡಿ.