ಪರ್ಫ್ಯೂಮ್ ಎಷ್ಟು ಎಂಎಲ್ ತಗೋಬೇಕು? ನಮ್ಮ ಮಲ್ನಾಡ್ ಕಡೆಯವ್ರಿಗೆ ಒಂದು ಲೆಕ್ಕಾಚಾರ

ಪರ್ಫ್ಯೂಮ್ ತಗೊಳ್ಳೋವಾಗ ಯಾವ ವಾಸ್ನೆ ಬೇಕು ಅಂತ ಅರ್ಧ ಗಂಟೆ ತಲೆ ಕೆಡಿಸ್ಕೊಳ್ಳೋರೂ ಸೈಜ್ ವಿಷ್ಯ ಬಂದಾಗ ಅರ್ಧ ನಿಮಿಷದಲ್ಲಿ ತೀರ್ಮಾನ ಮಾಡಿಬಿಡ್ತಾರೆ, ಅದೂ ಅಂಗಡಿಯವ್ರು ಹೇಳೋ ಒಂದು ಮಾತು ಕೇಳಿ: "ದೊಡ್ಡದೇ ತಗೊಳ್ಳಿ ಸಾರ್, ರೇಟ್ ನೋಡಿದ್ರೆ ಅದೇ ಲಾಭ." ಅವ್ರು ಹೇಳೋದು ಸುಳ್ಳಲ್ಲ. ಆದ್ರೆ ಬಾಟ್ಲಿ ಕೊನೇ ಹನಿ ತನಕ ಖಾಲಿ ಮಾಡೋರಿಗೆ ಮಾತ್ರ ಆ ಲಾಭ, ನಮ್ಮಲ್ಲಿ 100 ಎಂಎಲ್ ಬಾಟ್ಲಿ ಪೂರ್ತಿ ಖಾಲಿ ಮಾಡಿರೋರು ಎಷ್ಟು ಜನ ಇದಾರೆ ಹೇಳಿ ನೋಡೋಣ? ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಎಲ್ಲೇ ಆಗ್ಲಿ, ಬೀರು ಬಾಗ್ಲು ತೆಗೆದ್ರೆ ಮುಕ್ಕಾಲು ತುಂಬಿರೋ ಸೆಂಟ್ ಬಾಟ್ಲಿ ಒಂದಾದ್ರೂ ಸಿಗುತ್ತೆ, ದುಬೈಯಿಂದ ಬಂದ ನೆಂಟರು ಕೊಟ್ಟಿದ್ದೋ ಮದ್ವೇಲಿ ಉಡುಗೊರೆ ಬಂದಿದ್ದೋ, ತೆಗೆದು ಮೂಸಿದ್ರೆ ಹುಳಿ ಹುಳಿ.

ಹಾಗಾಗಿ ರೇಟ್ ಆಮೇಲೆ, ಮೊದ್ಲು ನಿಮ್ಗೆ ವರ್ಷಕ್ಕೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ.

ಒಂದ್ಸಲ ಒತ್ತಿದ್ರೆ ಹೆಚ್ಚುಕಮ್ಮಿ 0.1 ಎಂಎಲ್ ಹೋಗುತ್ತೆ. ಅಂದ್ರೆ 1 ಎಂಎಲ್‌ಗೆ ಹತ್ತು ಸ್ಪ್ರೇ, 30 ಎಂಎಲ್‌ಗೆ ಮುನ್ನೂರು, 100 ಎಂಎಲ್‌ಗೆ ಸಾವಿರ. ಕೆಲವು ಪಂಪ್ ಸಣ್ಣಕೆ ಬಿಡುತ್ತೆ, ಅದ್ರಲ್ಲಿ ಇನ್ನೂ ಜಾಸ್ತಿನೇ ಬರುತ್ತೆ, ಆದ್ರೆ ಲೆಕ್ಕಕ್ಕೆ ಹತ್ತು ಅಂತಿಟ್ಕೊಂಡ್ರೆ ಸಾಕು. ಈಗ ನೋಡಿ, ವಾರಕ್ಕೆ ಆರು ದಿನ ಬ್ಯಾಂಕಿಗೋ ಸ್ಕೂಲಿಗೋ ಹೋಗೋರು ದಿನಕ್ಕೆ ನಾಲ್ಕು ಸ್ಪ್ರೇ ಹೊಡ್ಕೊಂಡ್ರೆ ವರ್ಷಕ್ಕೆ 125 ಎಂಎಲ್ ಹತ್ರ ಆಗುತ್ತೆ, ಅದೂ ಒಂದೇ ಪರ್ಫ್ಯೂಮ್ ಬಳಸಿದ್ರೆ. ಇವ್ರಿಗೆ 100 ಎಂಎಲ್ ತಗೊಂಡ್ರೆ ನಷ್ಟ ಇಲ್ಲ, ಹತ್ತು ತಿಂಗಳಲ್ಲಿ ಮುಗಿಯುತ್ತೆ. ವಾರಕ್ಕೆ ಎರಡು ದಿನ, ಮೂರ್ಮೂರು ಸ್ಪ್ರೇ ಅನ್ನೋರಿಗೆ ವರ್ಷಕ್ಕೆ 30 ಎಂಎಲ್ ಸಾಕು. ಇನ್ನು ನಮ್ಮ ಊರ್ ಕಡೆ ಜಾಸ್ತಿ ಇರೋದು ಮೂರ್ನೇ ಗುಂಪು, ತೋಟ ಗದ್ದೆ ನೋಡ್ಕೊಂಡಿರೋರು, ಇವ್ರು ಸೆಂಟ್ ಮುಟ್ಟೋದೇ ಮದ್ವೆ, ಗೃಹಪ್ರವೇಶ, ಜಾತ್ರೆ, ಅಪರೂಪಕ್ಕೊಮ್ಮೆ ಪೇಟೆ ಕೆಲ್ಸ. ವರ್ಷಕ್ಕೆ ಇಪ್ಪತ್ತೈದು ಕಾರ್ಯಕ್ರಮ ಅಂದ್ಕೊಳ್ಳಿ, ಒಂದಕ್ಕೆ ನಾಲ್ಕು ಸ್ಪ್ರೇ, ಒಟ್ಟು ನೂರು ಸ್ಪ್ರೇ, ಅಂದ್ರೆ ಬರೀ 10 ಎಂಎಲ್! ಅವ್ರಿಗೆ 100 ಎಂಎಲ್ ಮಾರಿದ್ರೆ ಹತ್ತು ವರ್ಷದ ಸಾಮಾನು ಕೊಟ್ಟಂಗಾಯ್ತು, ಅಷ್ಟರಲ್ಲಿ ಮಗಳ ಮದ್ವೆನೂ ಆಗಿರುತ್ತೆ.

ನೀವು ಯಾವ ಗುಂಪು ಅಂತ ಗೊತ್ತಾಗ್ತಿಲ್ಲ ಅಂದ್ರೆ ಒಂದು ಸುಲಭ ಉಪಾಯ ಇದೆ. ಈಗ ಬಳಸ್ತಿರೋ ಬಾಟ್ಲಿ ಹಿಂದೆ ಮೇಲಿಂದ ಕೆಳಗೆ ಒಂದು ಪಟ್ಟಿ ಬಿಳಿ ಪ್ಲಾಸ್ಟರ್ ಅಂಟಿಸಿ, ಸೆಂಟ್ ಎಲ್ಲಿವರೆಗಿದೆಯೋ ಅಲ್ಲಿ ಪೆನ್ನಲ್ಲಿ ಗೆರೆ ಎಳೆದು ತಾರೀಕು ಬರೀರಿ, ತಿಂಗಳ ಮೇಲೆ ಇನ್ನೊಂದು ಗೆರೆ. ಕಪ್ಪು ಗಾಜಾಗಿದ್ರೆ ರಾತ್ರಿ ಹಿಂದಿಂದ ಮೊಬೈಲ್ ಟಾರ್ಚ್ ಹಿಡಿದ್ರೆ ಕಾಣುತ್ತೆ. ಮೂರು ತಿಂಗಳಾದ್ರೂ ಗೆರೆ ಹೆಚ್ಚುಕಮ್ಮಿ ಇದ್ದಲ್ಲೇ ಇದೆ ಅಂದ್ರೆ ನಿಮ್ಗೆ 50 ಎಂಎಲ್ಲೂ ಜಾಸ್ತಿನೇ, ಇನ್ನು 100ರ ಮಾತೇ ಬೇಡ.

ಈಗ ರೇಟಿಗೆ ಬರೋಣ. ಉದಾಹರಣೆಗೆ ಒಂದು ಪರ್ಫ್ಯೂಮ್ 30 ಎಂಎಲ್‌ಗೆ 1200, 50ಕ್ಕೆ 1700, 100ಕ್ಕೆ 2400 ರೂಪಾಯಿ ಅಂದ್ಕೊಳ್ಳಿ. ಎಂಎಲ್‌ಗೆ ನೋಡಿದ್ರೆ 40, 34, 24, ದೊಡ್ಡದು ಭಾರೀ ಅಗ್ಗ. ಆದ್ರೆ ಆ ದೊಡ್ಡದ್ರಲ್ಲಿ ನೀವು 40 ಎಂಎಲ್ ಬಳಸಿ ಬೇಜಾರಾಗಿ ಬಿಟ್ರೆ ಬಳಸಿದ್ದಕ್ಕೆ ಎಂಎಲ್‌ಗೆ 60 ರೂಪಾಯಿ ಬಿತ್ತು. ಚಿಕ್ಕದಕ್ಕಿಂತ ದುಬಾರಿ ಆಯ್ತಲ್ಲ ಮಾರಾಯ್ರೆ! ಬೇಜಾರಂತೂ ಬಂದೇ ಬರುತ್ತೆ. ಅದೂ ಇತ್ತೀಚೆಗೆ ಬರೋ ಚಾಕ್ಲೇಟು ವೆನಿಲ್ಲಾ ಥರದ ಸಿಹಿ ವಾಸ್ನೆಗಳು, ಮೊದಲ ವಾರ ಆಹಾ ಅನ್ಸಿ ಎರಡ್ನೇ ತಿಂಗಳಿಗೆ ತಲೆ ಹಿಡ್ಕೊಳ್ಳುತ್ತೆ.

ಬೆಲೆ ನೋಡೋವಾಗ ಬಾಟ್ಲಿ ಮೇಲೆ ಏನು ಬರ್ದಿದಾರೆ ಅದನ್ನೂ ನೋಡಿ. ಓ ಡಿ ಕೊಲೋನ್ ಅಂದ್ರೆ ತುಂಬಾ ತೆಳು, ಓ ಡಿ ಟಾಯ್ಲೆಟ್ ಅದಕ್ಕಿಂತ ಗಟ್ಟಿ, ಓ ಡಿ ಪರ್ಫ್ಯೂಮ್ ಇನ್ನೂ ಗಟ್ಟಿ, ಸುಗಂಧದ ಅಂಶ ಸುಮಾರು 15ರಿಂದ 20 ಪರ್ಸೆಂಟ್, ಬರೀ ಪರ್ಫ್ಯೂಮ್ ಅಥವಾ ಎಕ್ಸ್‌ಟ್ರೇಟ್ ಅಂತ ಇದ್ರೆ ಅದಕ್ಕೂ ಮೇಲೆ. ತೆಳುದು ಬೇಗ ಹಾರಿ ಹೋಗುತ್ತೆ, ಮಧ್ಯಾಹ್ನ ಮತ್ತೆ ಹೊಡ್ಕೋಬೇಕು, ಹಾಗಾಗಿ ಅದ್ರಲ್ಲಿ ದೊಡ್ಡ ಬಾಟ್ಲಿ ತಗೊಳ್ಳೋದು ಸರಿ. ಗಟ್ಟಿದು ಎರಡು ಸ್ಪ್ರೇ ಹೊಡೆದ್ರೆ ಸಂಜೆ ತನಕ ನಿಲ್ಲುತ್ತೆ, ಅದಕ್ಕೆ 30 ಸಾಕಾಗುತ್ತೆ. ಡಿಯೋ ಡಬ್ಬಕ್ಕೂ ಇದಕ್ಕೂ ಹೋಲಿಸ್ಲೇಬೇಡಿ, 150 ಎಂಎಲ್ ಅಂತ ಬರ್ದಿರೋ ಡಿಯೋದಲ್ಲಿ ಅದನ್ನ ಹೊರಗೆ ತಳ್ಳೋ ಗ್ಯಾಸೂ ಸಾಮಾನ್ಯ ಸೇರಿರುತ್ತೆ.

ಮತ್ತೆ ಮಲ್ನಾಡಲ್ಲಿ ಇರೋರು ಹವೆ ಲೆಕ್ಕಕ್ಕೆ ತಗೊಳ್ದೆ ಬಾಟ್ಲಿ ತಗೋಬಾರ್ದು. ಏಪ್ರಿಲ್ ತಿಂಗಳಲ್ಲಿ ಶಿವಮೊಗ್ಗ ಪೇಟೆ ಸುಡುತ್ತೆ, ಮೈ ಬಿಸಿ ಆದಷ್ಟೂ ವಾಸ್ನೆ ಜೋರಾಗಿ ಎದ್ದು ಬೇಗ ಮುಗಿಯುತ್ತೆ, ನಿಂಬೆ ಕಿತ್ತಳೆ ಥರದ್ದಾದ್ರೆ ಗಾಂಧಿ ಬಜಾರ್ ಒಂದು ಸುತ್ತು ಹಾಕೋದ್ರಲ್ಲಿ ಮಾಯ. ಆಗ ಸ್ಪ್ರೇ ಜಾಸ್ತಿ ಬೇಕು. ಜೂನ್ ಬಂತು ಅಂದ್ರೆ ಕಥೆನೇ ಬೇರೆ. ಜರ್ಕಿನ್ ಮೇಲೆ ರೇನ್‌ಕೋಟ್, ತಂಪು ಮೈ, ವಾಸ್ನೆ ಒಳಗೇ ಕೂತ್ಕೊಂಡಿರುತ್ತೆ, ನಮ್ಗೆ ಬರ್ತಾ ಇಲ್ಲ ಅಂತ ಇನ್ನೆರಡು ಹೊಡ್ಕೊಂಡು ತೀರ್ಥಹಳ್ಳಿ ಬಸ್ ಹತ್ತಿದ್ರೆ, ಕಿಟಕಿ ಎಲ್ಲ ಮುಚ್ಚಿರೋ ಆ ಬಸ್ಸಲ್ಲಿ ರೇನ್‌ಕೋಟ್ ಬಿಚ್ಚಿದ ಕೂಡ್ಲೇ ಪಕ್ಕದವ್ರಿಗೆ ವಾಂತಿ ಬರೋದೊಂದು ಬಾಕಿ. ಮಂಡಗದ್ದೆ ದಾಟೋಷ್ಟರಲ್ಲಿ ಯಾರೋ ಒಬ್ರು ಕಿಟಕಿ ತೆಗೀರಿ ಅಂತ ಜಗಳಕ್ಕೆ ನಿಲ್ತಾರೆ, ಮಳೆ ಒಳಗೆ ಬರುತ್ತೆ. ಮಳೆಗಾಲಕ್ಕೆ ಎರಡು ಸ್ಪ್ರೇ ಮೇಲೆ ಬೇಡ, ಅಂದ್ರೆ ವರ್ಷದಲ್ಲಿ ನಾಲ್ಕು ತಿಂಗಳು ನಮ್ಮ ಖರ್ಚು ಅರ್ಧ, ಇದನ್ನೂ ಎಂಎಲ್ ಲೆಕ್ಕದಲ್ಲಿ ಕಳೀರಿ. (ಒಣಗದೇ ಇರೋ ಬಟ್ಟೆ ಮುಗ್ಗುಲು ವಾಸ್ನೆ ಮುಚ್ಚೋಕೆ ಪರ್ಫ್ಯೂಮ್ ಹೊಡೆಯೋರೂ ಇದಾರೆ. ಬಚ್ಚಲ ಒಲೆ ಮೇಲೆ ಒಣಗಿಸಿದ ಶರ್ಟಿನ ಹೊಗೆ, ಅದ್ರ ಮೇಲೆ ಗುಲಾಬಿ. ದಯವಿಟ್ಟು ಬೇಡ, ಬಟ್ಟೆ ಇನ್ನೊಂದಿನ ಒಣಗ್ಲಿ.)

ಇಡೋ ಜಾಗದಿಂದ್ಲೂ ಸೈಜ್ ತೀರ್ಮಾನ ಆಗುತ್ತೆ. ಪರ್ಫ್ಯೂಮ್ ಕೆಡಿಸೋದು ಮೂರು: ಬಿಸಿ, ಬೆಳಕು, ಗಾಳಿ. ಬಾಟ್ಲಿ ಅರ್ಧ ಆದ್ಮೇಲೆ ಒಳಗೆ ಗಾಳಿ ಜಾಗ ಜಾಸ್ತಿ, ಆಮೇಲೆ ವರ್ಷಗಟ್ಲೆ ಇಟ್ರೆ ಮೊದ್ಲು ಹೋಗೋದು ಮೇಲಿನ ಆ ಫ್ರೆಶ್ ವಾಸ್ನೆ, ಬಣ್ಣನೂ ಕಡು ಆಗ್ತಾ ಬರುತ್ತೆ. ಚೆನ್ನಾಗಿ ಇಟ್ರೆ ಸಾಮಾನ್ಯ ಮೂರ್ರಿಂದ ಐದು ವರ್ಷ ತೊಂದ್ರೆ ಇಲ್ಲ, ಮರದ ವಾಸ್ನೆ, ಅಂಬರ್ ಥರದ್ದು ಇನ್ನೂ ಬಾಳುತ್ತೆ, ನಿಂಬೆ ಜಾತಿದು ಬೇಗ ಕೆಡುತ್ತೆ. ಹಳೇ ಮಲ್ನಾಡ್ ಮನೆ ಇದ್ರೆ ನೀವು ಪುಣ್ಯವಂತರು, ದಪ್ಪ ಗೋಡೆ, ಕತ್ಲೆ ಕೋಣೆ, ತಣ್ಣಗೆ, ಅಲ್ಲಿರೋ ಬೀರುಗಿಂತ ಒಳ್ಳೇ ಜಾಗ ಸಿಗಲ್ಲ. ಬಚ್ಚಲಲ್ಲಿ ಮಾತ್ರ ಇಡಬೇಡಿ, ಹಂಡೆ ಒಲೆ ಉರೀತಿರುತ್ತೆ, ದಿನಾ ಬಿಸಿ ಆಗಿ ತಣ್ಣಗಾಗಿ ಹಾಳಾಗುತ್ತೆ. ಆಟಿ ಮಳೇಲಿ ರಟ್ಟಿನ ಡಬ್ಬಕ್ಕೆ ಬೂಷ್ಟು ಹಿಡಿದ್ರೆ ಹೆದರ್ಬೇಡಿ, ಒಳಗಿರೋದು ಬಹುಪಾಲು ಆಲ್ಕೋಹಾಲ್, ಅದಕ್ಕೆ ಬೂಷ್ಟು ಬರಲ್ಲ, ಡಬ್ಬ ಎಸೆದು ಬಾಟ್ಲಿ ಒಂದು ಬಟ್ಟೇಲಿ ಸುತ್ತಿಡಿ. ತಗಡಿನ ಶೀಟ್ ಮನೆ ಅಥವಾ ಬಿಸಿಲು ಬೀಳೋ ಮೇಲಿನ ಮಹಡಿ ರೂಮ್ ಆದ್ರೆ 50ಕ್ಕಿಂತ ದೊಡ್ಡದು ತಗೊಳ್ಳೋಕೆ ಹೋಗ್ಬೇಡಿ.

ಹಂಗಾದ್ರೆ ಕೊನೆಗೆ ಯಾವ್ದು ತಗೊಳ್ಳೋದು ಅಂದ್ರೆ:

ಮೊದ್ಲು 2 ಎಂಎಲ್ ಸ್ಯಾಂಪಲ್ಲೋ 5 ಎಂಎಲ್ ಡಿಕ್ಯಾಂಟೋ (ದೊಡ್ಡ ಬಾಟ್ಲಿಯಿಂದ ಚಿಕ್ಕದಕ್ಕೆ ತುಂಬಿ ಮಾರೋದು) ತರಿಸಿ. ನಮ್ಮೂರಲ್ಲಿ ಟೆಸ್ಟರ್ ಇಟ್ಟಿರೋ ಅಂಗಡಿ ಕಮ್ಮಿ, ಇದ್ರೂ ಪೇಪರ್ ಪಟ್ಟಿ ಮೇಲೆ ಹೊಡೆದು ಮೂಗಿಗೆ ಹಿಡೀತಾರೆ, ಅದ್ರಲ್ಲಿ ಗೊತ್ತಾಗೋದು ಮೊದಲ ಹತ್ತು ನಿಮಿಷದ ವಾಸ್ನೆ ಮಾತ್ರ, ನೀವು ದಿನವಿಡೀ ಹೊತ್ಕೊಂಡು ತಿರುಗೋದು ಅದಾದ್ಮೇಲಿನ ವಾಸ್ನೆ. ಕೈ ಮೇಲೆ ಹಾಕ್ಕೊಂಡು ಊಟ ಮಾಡಿ, ಕೆಲ್ಸ ಮಾಡಿ, ಸಂಜೆ ಮೂಸಿ ನೋಡಿ. ಒಂದು ಬಿಸಿಲಿನ ದಿನ, ಒಂದು ಮಳೆ ದಿನ ಎರಡೂ ಆಗ್ಬೇಕು. ಆಮೇಲೂ ಇಷ್ಟ ಆದ್ರೆ 10 ಅಥವಾ 30.

ಸಿಕ್ಕಿದ್ರೆ 30 ಎಂಎಲ್ ನನ್ನ ಮೆಚ್ಚಿನ ಸೈಜು, ಬ್ಯಾಗಲ್ಲಿ ಹಿಡಿಯುತ್ತೆ, ವರ್ಷದಲ್ಲಿ ಮುಗಿಯುತ್ತೆ. ಕಷ್ಟ ಏನಂದ್ರೆ ಎಷ್ಟೋ ಕಂಪನಿಯವ್ರು 30 ಮಾಡೋದೇ ಇಲ್ಲ, ನೇರ 50 ಇಲ್ಲ 100. 50 ಗಿಫ್ಟಿಗೆ ಸರಿ, ನೋಡೋಕೂ ಗೌರವ. 100 ತಗೊಳ್ಳೋಕೆ ನನ್ನದು ಒಂದೇ ಷರತ್ತು, ಅದೇ ಪರ್ಫ್ಯೂಮಿನ ಚಿಕ್ಕ ಬಾಟ್ಲಿ ಒಂದ್ಸಲ ನೀವು ಪೂರ್ತಿ ಖಾಲಿ ಮಾಡಿರ್ಬೇಕು. 200 ಎಂಎಲ್ ಅಂತೂ ಮನೆ ಮಂದಿ ಎಲ್ಲಾ ಒಂದೇ ಬಾಟ್ಲಿ ಒತ್ತೋ ಮನೆಗೆ. ಹಾಸ್ಟೆಲ್ಲಿಗೆ ಹೋಗೋ ಮಕ್ಕಳಿಗೆ ದೊಡ್ಡದು ಕಳಿಸ್ಬೇಡಿ, ವಾರದೊಳಗೆ ಇಡೀ ಫ್ಲೋರ್ ಒಂದೇ ವಾಸ್ನೆ ಹೊಡೀತಿರುತ್ತೆ.

ಸ್ಪ್ರೇನೇ ಬೇಡ ಅನ್ನೋರಿಗೆ ಅತ್ತರ್ ಇದೆ, ಅದ್ರ ಸೈಜ್ ಲೆಕ್ಕ ಬೇರೆ. ಅದು ತೊಲ ಲೆಕ್ಕದ ಸಾಮಾನು, ಒಂದು ತೊಲ ಅಂದ್ರೆ ಸುಮಾರು 11.66 ಗ್ರಾಂ, ಅದಕ್ಕೇ ಬಾಟ್ಲಿಗಳು 3, 6, 12 ಎಂಎಲ್ ಅಂತ ಬರೋದು, ಕಾಲು, ಅರ್ಧ, ಒಂದು ತೊಲ. ಆಲ್ಕೋಹಾಲ್ ಇಲ್ಲ, ಕಡ್ಡೀಲಿ ಒಂದು ಗೆರೆ ಮಣಿಕಟ್ಟಿಗೆ ಹಚ್ಚಿದ್ರೆ ಆಯ್ತು, ಹಿರಿಯರು ಹತ್ತೀಲಿ ಅದ್ದಿ ಕಿವಿ ಸಂದೀಲಿ ಇಟ್ಕೊಳ್ತಿದ್ರಲ್ಲ ಹಾಗೆ. 3 ಎಂಎಲ್ ತಿಂಗಳುಗಟ್ಲೆ ಬರುತ್ತೆ, ಮೊದ್ಲ ಸಲ ಅದಕ್ಕಿಂತ ಜಾಸ್ತಿ ತಗೊಳ್ಳೋ ಅಗತ್ಯನೇ ಇಲ್ಲ. ಗಂಧದ ವಾಸ್ನೆ ಇಷ್ಟ ಇದ್ರೆ ಮಾತ್ರ ನಾನು 6 ಅಂತೀನಿ, ಗಂಧ ಬೇಗ ಹಾಳಾಗೋ ಪೈಕಿ ಅಲ್ಲ. ಶಿವಮೊಗ್ಗದಲ್ಲೇ 1944ರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರು ಆಗಿತ್ತು, ಅಂಥ ಊರವ್ರಾಗಿ ಗಂಧ ಬಿಟ್ಟು ಬರೀ ವೆನಿಲ್ಲಾ ಹಿಂದೆ ಓಡ್ತೀವಲ್ಲ ಅಂತ ಒಂದೊಂದ್ಸಲ ಅನ್ಸುತ್ತೆ. ಆದ್ರೆ ಐವತ್ತು ರೂಪಾಯಿಗೆ ಅಸಲಿ ಗಂಧದೆಣ್ಣೆ ಅಂತ ಯಾರಾದ್ರೂ ಕೊಟ್ರೆ ಅದು ಗಂಧ ಅಲ್ಲ, ಅಷ್ಟೇ.

ಜಾತ್ರೇಲಿ, ಫುಟ್‌ಪಾತಲ್ಲಿ ದೊಡ್ಡ ಬ್ರಾಂಡಿನ 100 ಎಂಎಲ್ ಐನೂರು ರೂಪಾಯಿಗೆ ಸಿಕ್ಕಿದ್ರೂ ಅದೇ ಕಥೆ. ಎಲ್ಲೇ ತಗೊಳ್ಳಿ, ಎಂಆರ್‌ಪಿ, ತಯಾರಾದ ದಿನ, ಎಲ್ಲಿವರೆಗೆ ಬಳಸ್ಬೋದು ಅನ್ನೋದು, ವಿದೇಶಿ ಮಾಲಾದ್ರೆ ಆಮದು ಮಾಡಿದವ್ರ ಹೆಸರಿನ ಸ್ಟಿಕ್ಕರ್, ಇಷ್ಟು ನೋಡಿ, ಡಬ್ಬದ ಮೇಲಿನ ಬ್ಯಾಚ್ ನಂಬರ್ರೂ ಬಾಟ್ಲಿ ತಳದಲ್ಲಿರೋದೂ ಒಂದೇನಾ ತಾಳೆ ನೋಡಿ. ದೊಡ್ಡ ಬಾಟ್ಲಿಗೆ ಭಾರೀ ಡಿಸ್ಕೌಂಟ್ ಬಿಟ್ಟಿದಾರೆ ಅಂದ್ರೆ ತಯಾರಾದ ದಿನ ಎರಡೆರಡು ಸಲ ನೋಡಿ.

ವಿದೇಶಕ್ಕೆ ಹೋಗೋರಿಗೆ ಒಂದು ಮಾತು. ವಿಮಾನದಲ್ಲಿ ಕೈಚೀಲದೊಳಗೆ 100 ಎಂಎಲ್ ಮೇಲಿನ ದ್ರವದ ಬಾಟ್ಲಿ ಸಾಮಾನ್ಯ ಬಿಡಲ್ಲ, ಅವ್ರು ನೋಡೋದು ಒಳಗೆ ಎಷ್ಟಿದೆ ಅಂತಲ್ಲ, ಬಾಟ್ಲಿ ಎಷ್ಟರದ್ದು ಅಂತ. 125ರ ಬಾಟ್ಲೀಲಿ ತಳದಲ್ಲಿ ಸ್ವಲ್ಪ ಉಳಿದಿದ್ರೂ ಚೆಕಿಂಗಲ್ಲಿ ಹೋಯ್ತು. ದೊಡ್ಡದನ್ನ ಚೆಕ್‌ಇನ್ ಲಗೇಜಿಗೆ ಹಾಕಿ.

ಇಷ್ಟೆಲ್ಲಾ ಕೇಳಿದ್ಮೇಲೂ 100 ಎಂಎಲ್ ರೇಟೇ ಕಣ್ಣಿಗೆ ಕಾಣ್ತಿದೆ ಅಂದ್ರೆ ಪಾಲು ಮಾಡ್ಕೊಳ್ಳಿ. ಮೂರ್ನಾಲ್ಕು ಜನ ಕಸಿನ್ಸ್ ಸೇರಿ ಒಂದು ದೊಡ್ಡದು ತಗೊಂಡು, 10 ಎಂಎಲ್‌ದು ಗಾಜಿನ ಸ್ಪ್ರೇ ಬಾಟ್ಲಿಗಳು ಆನ್‌ಲೈನಲ್ಲಿ ಸಿಗುತ್ತೆ, ಅದಕ್ಕೆ ಹಂಚಿ. ಪ್ಲಾಸ್ಟಿಕ್ ಬೇಡ. ದೊಡ್ಡ ಬಾಟ್ಲಿಯ ಮೇಲಿನ ಒತ್ತೋ ಗುಂಡಿ ಎಳೆದ್ರೆ ಸಾಮಾನ್ಯ ಕಿತ್ತು ಬರುತ್ತೆ, ಅಡಿಯಲ್ಲಿರೋ ಸಣ್ಣ ಕೊಳವೆನ ಚಿಕ್ಕ ಬಾಟ್ಲಿ ಬಾಯೊಳಗೆ ಬಿಟ್ಟು ಮೆಲ್ಲಗೆ ಒತ್ತಿ ತುಂಬಿಸಿ, ಬಾಯಿ ತನಕ ತುಂಬ್ದೆ ಸ್ವಲ್ಪ ಜಾಗ ಬಿಡಿ, ಇಲ್ದಿದ್ರೆ ಬಿಸಿಲಿಗೆ ಸೋರುತ್ತೆ. ಒಲೆ ದೀಪ ದೂರ ಇರ್ಲಿ. ಹೆಸರು ತಾರೀಕು ಬರ್ದು ಅಂಟಿಸಿ, ಮತ್ತೆ ದುಡ್ಡು ಮಾತ್ರ ಬಾಟ್ಲಿ ಕೊಡೋಕೆ ಮುಂಚೆನೇ ಇಸ್ಕೊಳ್ಳಿ, ಆಮೇಲೆ ಅಡಿಕೆ ದುಡ್ಡು ಬಂದ್ಮೇಲೆ ಕೊಡ್ತೀನಿ ಅಂತಾರೆ.