ಟಿವಿ ಸ್ಟಿಕ್‌ನಲ್ಲಿ ವಿಪಿಎನ್ ಕಡಿಯದಂತೆ ಮಾಡಿದ್ದು: ನನ್ನ ಅನುಭವ

ಒಂದು ಜಿಬಿ ರ‍್ಯಾಮ್‌ನ ಸ್ಟಿಕ್‌ನಲ್ಲಿ ವಿಪಿಎನ್ (ಬೇರೆಡೆಯ ಸರ್ವರ್‌ಗೆ ಎನ್‌ಕ್ರಿಪ್ಟ್ ಆದ ಸಂಪರ್ಕ) ನೆಟ್ಟಗೆ ನಡೆಯುವುದಿಲ್ಲ, ರೂಟರ್ ಬದಲಿಸದೆ ದಾರಿಯಿಲ್ಲ ಎಂದು ಹೇಳಿದವರೇ ಹೆಚ್ಚು. ರೂಟರ್ ಬದಲಿಸಲಿಲ್ಲ. ಅದೇ ಫೈರ್ ಟಿವಿ ಸ್ಟಿಕ್ ಲೈಟ್ ಈಗ ವೈರ್‌ಗಾರ್ಡ್ ಎಂಬ ವಿಪಿಎನ್ ಹಿಡಿದು, ಬೇರೆಡೆ ನನ್ನ ಮನೆಯಲ್ಲಿ ಸರ್ವರ್ ಆಗಿರುವ ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್‌ಗೆ ಸೇರಿಕೊಂಡು ಸಂಜೆಯಿಡೀ ಎಚ್‌ಡಿ ವಿಡಿಯೊ ಆಡಿಸುತ್ತದೆ, ಒಂದು ಸಲವೂ ಚಕ್ರ ತಿರುಗುವುದಿಲ್ಲ. ಮಾಡಿದ್ದೇನು, ಯಾವುದಕ್ಕೆ ದುಡ್ಡು ದಂಡವಾಯಿತು ಎಂಬುದಷ್ಟೇ ಇಲ್ಲಿದೆ. ಕೀ ತಯಾರಿಸುವುದು, ಪೋರ್ಟ್ ಫಾರ್ವರ್ಡ್ ಮಾಡುವುದು (ಹೊರಗಿನ ಕೋರಿಕೆಯನ್ನು ರೂಟರ್ ಒಳಗಿನ ಸರ್ವರ್‌ಗೆ ದಾಟಿಸುವಂತೆ ಇಡುವುದು), ಎಡಿಬಿ (ಕಂಪ್ಯೂಟರ್‌ನಿಂದ ಆಂಡ್ರಾಯ್ಡ್ ಸಾಧನಕ್ಕೆ ಆಜ್ಞೆ ಕೊಡುವ ತಂತ್ರಾಂಶ) ಬಳಸುವುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ಆಂಡ್ರಾಯ್ಡ್ ಟಿವಿ ಬಾಕ್ಸ್‌ಗಳಿಗೂ ಬಹುಪಾಲು ಇದೇ ಲೆಕ್ಕ. ರೋಕು ಇದ್ದವರು ಇಲ್ಲಿಗೇ ಬಿಡಬಹುದು, ಅದರಲ್ಲಿ ವಿಪಿಎನ್ ಆ್ಯಪ್ ಎಂಬುದೇ ಇಲ್ಲ. ಆ್ಯಪಲ್ ಟಿವಿಗೆ 2023ರ ಟಿವಿಓಎಸ್ 17ರಿಂದ ವಿಪಿಎನ್ ಆ್ಯಪ್‌ಗಳು ಬಂದಿವೆ. ಅಮೆಜಾನ್‌ನ ವೇಗಾ ಓಎಸ್ ಇರುವ ಹೊಸ ಸ್ಟಿಕ್‌ನಲ್ಲಿ ಆಂಡ್ರಾಯ್ಡ್ ಎಪಿಕೆ (ಆ್ಯಪ್‌ನ ಕಡತ) ಕೂರುವುದಿಲ್ಲ. ಕೊಳ್ಳುವ ಮುಂಚೆ ಓಎಸ್ ಯಾವುದೆಂದು ನೋಡಿ.

ಆ್ಯಪ್‌ನಲ್ಲಿ ಸ್ವಿಚ್ ಆನ್ ಆಯಿತು, ಬೀಗದ ಕೀ ಚಿಹ್ನೆ ಬಂತು ಎಂದಮಾತ್ರಕ್ಕೆ ಸಂಪರ್ಕವಾಯಿತೆಂದು ತಿಳಿಯಬೇಡಿ. ವೈರ್‌ಗಾರ್ಡ್ ಆ ಕಡೆಯಿಂದ ಉತ್ತರ ಬಾರದಿದ್ದರೂ ಆನ್ ಎಂದೇ ತೋರಿಸುತ್ತದೆ. ನೋಡಬೇಕಾದದ್ದು ಎರಡು ಅಂಕಿ: ಕಳಿಸಿದ್ದೆಷ್ಟು, ಬಂದಿದ್ದೆಷ್ಟು. ಸರ್ವರ್‌ನಲ್ಲಿ ‘ಡಬ್ಲ್ಯುಜಿ ಶೋ’ ಆಜ್ಞೆ ಹಾಕಿದರೆ ಕೊನೆಯ ಹ್ಯಾಂಡ್‌ಶೇಕ್ (ಎರಡು ತುದಿಗಳು ಪರಸ್ಪರ ಗುರುತು ಹಿಡಿಯುವ ಮಾತುಕತೆ) ಯಾವಾಗ ಆಯಿತೆಂದೂ ಕಾಣುತ್ತದೆ. ಬಂದಿದ್ದು ಸೊನ್ನೆಯಲ್ಲೇ ಇದ್ದರೆ ತೊಂದರೆ ಪೋರ್ಟ್, ಕೀ ಅಥವಾ ಗಡಿಯಾರದ್ದು. ಸ್ವಲ್ಪ ಕೆಬಿ ಬಂದು ಅಲ್ಲೇ ನಿಂತರೆ ಎಂಟಿಯು (ಒಂದು ಪ್ಯಾಕೆಟ್, ಅಂದರೆ ಡೇಟಾ ತುಣುಕಿನ ಗರಿಷ್ಠ ಗಾತ್ರ). ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಹರಿದು ನಿಂತರೆ ಕರೆಂಟು, ಮೆಮೊರಿ ಇಲ್ಲವೇ ನ್ಯಾಟ್ (ಒಳಗಿನ ವಿಳಾಸಗಳನ್ನು ರೂಟರ್ ಒಂದೇ ಹೊರಗಿನ ವಿಳಾಸಕ್ಕೆ ಬದಲಿಸುವುದು). ಇಷ್ಟನ್ನು ಮೊದಲು ಬೇರ್ಪಡಿಸದೆ ಸೆಟ್ಟಿಂಗ್ ತಿರುವುತ್ತ ಕೂತರೆ ರಾತ್ರಿ ಕಳೆದುಹೋಗುತ್ತದೆ.

ಗಡಿಯಾರದ ವಿಷಯ ಬಹಳ ಮಂದಿಗೆ ಹೊಳೆಯುವುದೇ ಇಲ್ಲ. ವೈರ್‌ಗಾರ್ಡ್‌ನ ಮೊದಲ ಹ್ಯಾಂಡ್‌ಶೇಕ್ ಪ್ಯಾಕೆಟ್‌ನೊಳಗೆ ಆ ಹೊತ್ತಿನ ಸಮಯ ಇರುತ್ತದೆ. ಹಳೆಯ ಪ್ಯಾಕೆಟ್ಟನ್ನೇ ಯಾರೋ ಮತ್ತೆ ಕಳಿಸಿ ಮೋಸ ಮಾಡದಿರಲಿ ಎಂದು ಸರ್ವರ್ ಪ್ರತಿ ಕೀಗೂ ತಾನು ಕಂಡ ಅತ್ಯಂತ ಹೊಸ ಸಮಯವನ್ನು ನೆನಪಿಟ್ಟುಕೊಂಡು, ಅದಕ್ಕಿಂತ ಹಿಂದಿನದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಅಗ್ಗದ ಸ್ಟಿಕ್‌ನಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಕರೆಂಟು ಹೋಗಿ ಬಂದರೆ ಅದು ಯಾವುದೋ ಹಳೆಯ ತಾರೀಖಿನಲ್ಲಿ ಏಳುತ್ತದೆ. ಆಗ ಹ್ಯಾಂಡ್‌ಶೇಕ್ ಆಗದು. ಎಲ್ಲ ಟ್ರಾಫಿಕ್ಕೂ ಟನಲ್ (ವಿಪಿಎನ್ ದಾರಿ) ಮೂಲಕವೇ ಹೋಗಬೇಕೆಂದು ಇಟ್ಟಿದ್ದರೆ ಸಮಯ ಸರಿಪಡಿಸುವ ಎನ್‌ಟಿಪಿ ಕೋರಿಕೆಯೂ ಅದೇ ಸತ್ತ ಟನಲ್‌ಗೆ ಹೋಗಿ ಬೀಳುತ್ತದೆ. ಸಮಯ ಸರಿಯಾಗದೆ ಟನಲ್ ಏಳದು, ಟನಲ್ ಏಳದೆ ಸಮಯ ಸರಿಯಾಗದು. ‘ಒಂದೊಂದು ದಿನ ಬರುತ್ತದೆ, ಒಂದೊಂದು ದಿನ ಬರುವುದಿಲ್ಲ’ ಎಂಬ ದೂರುಗಳಲ್ಲಿ ಅರ್ಧಕ್ಕರ್ಧ ಇದೇ ಎಂದು ನನ್ನ ಅಂದಾಜು. ಓಪನ್‌ವಿಪಿಎನ್ ಎಂಬ ಇನ್ನೊಂದು ವಿಪಿಎನ್‌ನಲ್ಲಾದರೆ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಎಂಬ ಸಂದೇಶವಾದರೂ ಲಾಗ್‌ನಲ್ಲಿ ಸಿಗುತ್ತದೆ. ಇಲ್ಲಿ ಅದೂ ಇಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. ಸ್ಟಿಕ್ ಒಮ್ಮೆ ಮುಂದಿನ ವರ್ಷದ ತಾರೀಖಿನಲ್ಲಿ ಎದ್ದು ಹ್ಯಾಂಡ್‌ಶೇಕ್ ಮಾಡಿಬಿಟ್ಟರೆ, ಆಮೇಲೆ ಸರಿಯಾದ ಸಮಯದಲ್ಲಿ ಬಂದರೂ ಸರ್ವರ್ ಒಪ್ಪುವುದಿಲ್ಲ. ಸರ್ವರ್‌ನಲ್ಲಿ ಆ ಪೀರ್ (ಸ್ಟಿಕ್‌ನ ಕೀ ಇರುವ ನಮೂದು) ತೆಗೆದು ಮತ್ತೆ ಸೇರಿಸಿದರೆ ಅಥವಾ ವೈರ್‌ಗಾರ್ಡ್ ಇಂಟರ್‌ಫೇಸನ್ನೇ ಅಳಿಸಿ ಮತ್ತೆ ಮಾಡಿದರೆ ಆ ನೆನಪು ಅಳಿಯುತ್ತದೆ.

ಸ್ಟಿಕ್ ಯಾಕೆ ದಿನಾ ಕರೆಂಟು ಕಳೆದುಕೊಳ್ಳುತ್ತದೆ? ಟಿವಿಯ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿರುತ್ತೀರಿ, ಟಿವಿ ಆರಿಸಿದರೆ ಅದೂ ಆರುತ್ತದೆ. ಇನ್ನೊಂದು ತೊಂದರೆ: ಯುಎಸ್‌ಬಿ 2.0 ಕಿಂಡಿ ಲೆಕ್ಕದ ಪ್ರಕಾರ ಕೊಡುವುದು 500 ಮಿಲಿ ಆಂಪಿಯರ್, ಸ್ಟಿಕ್‌ನ ಜತೆ ಬರುವ ಅಡಾಪ್ಟರ್ 5 ವೋಲ್ಟ್, 1 ಆಂಪಿಯರ್. ಬರೀ ವಿಡಿಯೊ ಆದರೆ ಹೇಗೋ ನಡೆದೀತು. ಎನ್‌ಕ್ರಿಪ್ಷನ್ ಸೇರಿ ನಾಲ್ಕೂ ಕೋರ್ ದುಡಿಯತೊಡಗಿದರೆ ವೈಫೈ ಬಿದ್ದುಹೋಗುತ್ತದೆ, ಒಮ್ಮೊಮ್ಮೆ ಸ್ಟಿಕ್ಕೇ ರೀಸ್ಟಾರ್ಟ್ ಆಗುತ್ತದೆ. ಎಲ್ಲರೂ ಬೈಯುವುದು ವಿಪಿಎನ್ನನ್ನು. ಗೋಡೆಯ ಸಾಕೆಟ್‌ಗೆ ಪ್ರತ್ಯೇಕ ಅಡಾಪ್ಟರ್ ಹಾಕಿ, ಟಿವಿ ಆರಿಸಿದರೂ ಸ್ಟಿಕ್ ಉಸಿರಾಡುತ್ತಿರಲಿ. ಉದ್ದದ ಕಳಪೆ ಕೇಬಲ್ ಬೇಡ, ಅದರಲ್ಲೇ ವೋಲ್ಟೇಜ್ ಇಳಿಯುತ್ತದೆ. ಡಬ್ಬಿಯಲ್ಲಿ ಬರುವ ಗಿಡ್ಡ ಎಚ್‌ಡಿಎಂಐ ಎಕ್ಸ್‌ಟೆಂಡರ್ ಕೂಡ ಹಾಕಿ. ಟಿವಿಯ ಬೆನ್ನಿಗೆ ಅಂಟಿಕೊಂಡಿದ್ದರೆ ವೈಫೈ ಸಿಗ್ನಲ್ ಕುಗ್ಗುತ್ತದೆ.

ಅಡಾಪ್ಟರ್ ಆದ ಮೇಲೂ ಸ್ಟಿಕ್ ಇರುವಲ್ಲಿ ಕರೆಂಟು ಹೋದಾಗ ಅದೇ ಸಮಸ್ಯೆ ಬರುತ್ತದಲ್ಲ, ಅದಕ್ಕೆ ಮದ್ದು ಬೇರೆ. ಇದನ್ನೇ ಯಾರೂ ನಂಬಲಿಲ್ಲ. ಸ್ಟಿಕ್ಕನ್ನು ಪೂರ್ತಿ ಟನಲ್‌ಗೆ ಹಾಕಬೇಡಿ, ಬೇಕಾದ ಒಂದೆರಡು ಆ್ಯಪ್ ಮಾತ್ರ ಹಾಕಿ. ವೈರ್‌ಗಾರ್ಡ್‌ನ ಆಂಡ್ರಾಯ್ಡ್ ಆ್ಯಪ್ ಕಾನ್ಫಿಗ್ ಕಡತದ ಇಂಟರ್‌ಫೇಸ್ ಭಾಗದಲ್ಲಿ ‘ಇನ್‌ಕ್ಲೂಡೆಡ್ ಅಪ್ಲಿಕೇಶನ್ಸ್’ ಎಂಬ ಸಾಲನ್ನು ಒಪ್ಪುತ್ತದೆ (ಎರಡು ಪದಗಳ ನಡುವೆ ಜಾಗ ಬಿಡಬಾರದು). ಅಲ್ಲಿ ಸ್ಟ್ರೀಮಿಂಗ್ ಆ್ಯಪ್‌ನ ಪ್ಯಾಕೇಜ್ ಹೆಸರು (ಆಂಡ್ರಾಯ್ಡ್ ಆ ಆ್ಯಪ್ಪನ್ನು ಗುರುತಿಸುವ ಹೆಸರು) ಬರೆಯಿರಿ. ಆಗ ಎನ್‌ಟಿಪಿ, ಲಾಂಚರ್ (ಸ್ಟಿಕ್‌ನ ಮುಖಪುಟ), ಅಪ್‌ಡೇಟ್ ಎಲ್ಲ ಹೊರಗಿನಿಂದಲೇ ಹೋಗುತ್ತವೆ, ಗಡಿಯಾರ ತಾನಾಗಿ ಸರಿಯಾಗುತ್ತದೆ, ಮುಂದಿನ ಹ್ಯಾಂಡ್‌ಶೇಕ್ ಪ್ರಯತ್ನದಲ್ಲಿ ಟನಲ್ ಏಳುತ್ತದೆ. ಲಾಂಚರ್‌ನ ಜಾಹೀರಾತು ಚಿತ್ರಗಳು ಮನೆಯ ಅಪ್‌ಲೋಡ್ ತಿನ್ನುವುದೂ ನಿಲ್ಲುತ್ತದೆ. ಲಾಗಿನ್‌ಗಾಗಿ ಬ್ರೌಸರ್ ತೆರೆಯುವ ಆ್ಯಪ್ ಆದರೆ ಬ್ರೌಸರ್‌ನ ಹೆಸರನ್ನೂ ಸೇರಿಸಬೇಕು, ಇಲ್ಲದಿದ್ದರೆ ಲಾಗಿನ್ ಒಂದು ದೇಶದಿಂದ, ವಿಡಿಯೊ ಇನ್ನೊಂದು ದೇಶದಿಂದ ಬಂದಂತೆ ಕಾಣುತ್ತದೆ.

ಕಡತವನ್ನು ಕಂಪ್ಯೂಟರ್‌ನಲ್ಲೇ ಸಿದ್ಧಮಾಡಿ ಎಡಿಬಿಯಿಂದ ಡೌನ್‌ಲೋಡ್ ಫೋಲ್ಡರ್‌ಗೆ ತಳ್ಳಿ. ಸ್ಟಿಕ್‌ಗೆ ಕ್ಯಾಮೆರಾ ಇಲ್ಲ, ಕ್ಯೂಆರ್ ಆಗದು. 44 ಅಕ್ಷರದ ಕೀಯನ್ನು ರಿಮೋಟ್‌ನಲ್ಲಿ ಒತ್ತುವುದು ಶತ್ರುವಿಗೂ ಬೇಡ. ಡೆವಲಪರ್ ಆಯ್ಕೆ ಕಾಣದಿದ್ದರೆ ‘ಅಬೌಟ್’ನಲ್ಲಿ ಸಾಧನದ ಹೆಸರಿನ ಮೇಲೆ 7 ಸಲ ಒತ್ತಿ. ಕೆಲಸ ಮುಗಿದ ಮೇಲೆ ಎಡಿಬಿ ಆರಿಸಿಬಿಡಿ. ಫೋನ್‌ನ ಕಾನ್ಫಿಗ್ಗನ್ನೇ ಸ್ಟಿಕ್‌ಗೂ ನಕಲು ಮಾಡಬೇಡಿ. ಒಂದೇ ಕೀ ಎರಡು ಕಡೆ ಇದ್ದರೆ ಸರ್ವರ್ ಕೊನೆಗೆ ಮಾತಾಡಿದವರ ಕಡೆಗೆ ಪ್ಯಾಕೆಟ್ ತಿರುಗಿಸುತ್ತದೆ. ಫೋನ್ ಎಚ್ಚರವಾದಾಗಲೆಲ್ಲ ಟಿವಿ ನಿಲ್ಲುತ್ತದೆ.

ಈಗ ಎಂಟಿಯು. ಲಕ್ಷಣ ಸ್ಪಷ್ಟ: ಹ್ಯಾಂಡ್‌ಶೇಕ್ ಸರಿ, ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪ್ಯಾಕೆಟ್) ಸರಿ, ಆ್ಯಪ್‌ನ ಮೆನು ಬರುತ್ತದೆ, ಪೋಸ್ಟರ್ ಅರ್ಧ ಬರುತ್ತವೆ, ವಿಡಿಯೊ ಮಾತ್ರ ಬಾರದು. ಸಣ್ಣ ಪ್ಯಾಕೆಟ್ ದಾಟುತ್ತಿದೆ, ದೊಡ್ಡದು ಸಾಯುತ್ತಿದೆ. ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್‌ಗೂ ಐಪಿವಿ4 (ಹಳೆಯ ಬಗೆಯ ಇಂಟರ್ನೆಟ್ ವಿಳಾಸ) ಮೇಲಾದರೆ 60, ಐಪಿವಿ6 (ಹೊಸ ಬಗೆ) ಮೇಲಾದರೆ 80 ಬೈಟ್ ಹೊರೆ ಸೇರಿಸುತ್ತದೆ. ಸಾಮಾನ್ಯವಾಗಿ ಕಾಣುವ 1420 ಬಂದದ್ದು 1500ರಲ್ಲಿ 80 ಕಳೆದು. ಪಿಪಿಪಿಓಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ) ಲೈನ್ ಆದರೆ ಶುರುವೇ 1492, ಹಾಗಾಗಿ 1412. ಮೊಬೈಲ್ ಹಾಟ್‌ಸ್ಪಾಟ್ ಆದರೆ ಇನ್ನೂ ಕಡಿಮೆ.

ಅಳೆಯುವುದು ಹೀಗೆ: ಅದೇ ವೈಫೈನಲ್ಲಿ ಲ್ಯಾಪ್‌ಟಾಪ್ ಇಟ್ಟು, ವಿಪಿಎನ್ ಆರಿಸಿ, ತುಂಡು ಮಾಡಬೇಡ ಎಂಬ ಸೂಚನೆಯೊಂದಿಗೆ ಸರ್ವರ್‌ನ ಹೊರಗಿನ ವಿಳಾಸಕ್ಕೆ ಪಿಂಗ್ ಮಾಡಿ. 1472ರಿಂದ ಶುರು ಮಾಡಿ ಹತ್ತತ್ತು ಇಳಿಸುತ್ತ ಬನ್ನಿ. ಎಲ್ಲಿ ಉತ್ತರ ಬಂತೋ ಆ ಸಂಖ್ಯೆಗೆ 28 ಕೂಡಿಸಿ 80 ಕಳೆಯಿರಿ. ನನ್ನ ದಾರಿಯಲ್ಲಿ 1350ರ ಆಸುಪಾಸು ಬಂದ ನೆನಪು. ಅಳೆಯಲು ಬೇಸರವಾದವರು ನೇರ 1280 ಹಾಕಲಿ, ವೇಗದಲ್ಲಿ ಕಳೆದುಕೊಳ್ಳುವುದು ಅತ್ಯಲ್ಪ. ಅದಕ್ಕಿಂತ ಕೆಳಗೆ ಹೋಗಬೇಡಿ. ಐಪಿವಿ6ಗೆ 1280 ಕನಿಷ್ಠ, ಅಲ್ಲದೆ ಕ್ವಿಕ್ (ವಿಡಿಯೊ ಆ್ಯಪ್‌ಗಳು ಬಳಸುವ ಹೊಸ ಸಾಗಣೆ ವಿಧಾನ) ತನ್ನ ಮೊದಲ ಪ್ಯಾಕೆಟ್ಟನ್ನು 1200 ಬೈಟ್‌ಗೆ ತುಂಬಿಸಿಯೇ ಕಳಿಸುತ್ತದೆ, ಅದಕ್ಕೆ ಜಾಗ ಇರಬೇಕು.

ಎರಡೂ ತುದಿಯಲ್ಲಿ ಬದಲಿಸಿ. ಸ್ಟಿಕ್‌ನಲ್ಲಿ ಮಾತ್ರ ಇಳಿಸಿದರೆ ಟಿಸಿಪಿ (ತಲುಪಿತೇ ಎಂದು ಖಾತ್ರಿ ಮಾಡಿಕೊಂಡು ಕಳಿಸುವ ವಿಧಾನ) ಸುಧಾರಿಸುತ್ತದೆ, ಏಕೆಂದರೆ ಸ್ಟಿಕ್ ತನ್ನ ಎಂಎಸ್‌ಎಸ್ (ತಾನು ಒಮ್ಮೆಗೆ ಪಡೆಯಬಲ್ಲ ತುಣುಕಿನ ಗಾತ್ರ) ಎಷ್ಟೆಂದು ಮೊದಲೇ ಹೇಳುತ್ತದೆ. ಕ್ವಿಕ್ ಯುಡಿಪಿ (ಖಾತ್ರಿ ಕೇಳದೆ ಕಳಿಸುವ ವಿಧಾನ) ಮೇಲೆ ಓಡುವುದರಿಂದ ಆ ಮಾತು ಅದಕ್ಕೆ ತಲುಪದು. ಭಾರದ ಪ್ಯಾಕೆಟ್‌ಗಳು ಬರುವುದು ಸರ್ವರ್ ಕಡೆಯಿಂದ, ಅಲ್ಲಿ 1420 ಉಳಿದಿದ್ದರೆ ಒಂದು ಆ್ಯಪ್ ಸರಿಯಾಗಿ ಇನ್ನೊಂದು ಕೈಕೊಡುತ್ತದೆ. ಸರ್ವರ್‌ನಲ್ಲಿ ಎಂಎಸ್‌ಎಸ್ ಕ್ಲ್ಯಾಂಪ್ (ಆ ಗಾತ್ರಕ್ಕೆ ಮಿತಿ) ಹಾಕಿದವರಿಗೂ ಇದೇ ಮಾತು.

ನಡುವೆ ಕಡಿಯುವುದಕ್ಕೆ ಮೂರು ಕಾರಣ. ಕರೆಂಟಿನದು ಆಯಿತು. ನ್ಯಾಟ್: ಅನೇಕ ರೂಟರ್‌ಗಳು ಸುಮ್ಮನಿರುವ ಯುಡಿಪಿ ದಾರಿಯನ್ನು 30 ಸೆಕೆಂಡಿಗೇ ಮುಚ್ಚುತ್ತವೆ, ಅದಕ್ಕೇ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 (25 ಸೆಕೆಂಡಿಗೊಮ್ಮೆ ಖಾಲಿ ಪ್ಯಾಕೆಟ್ ಕಳಿಸು) ಎಂಬ ಸಲಹೆ. ನೀವು 25 ಹಾಕಿ. ನನ್ನದು ಬೇರೆ ಸಂಖ್ಯೆ, ಯಾಕೆಂಬುದು ನನ್ನ ಬಳಿಯೇ ಇರಲಿ. ಮೂರನೆಯದು ಮೆಮೊರಿ. ಒಂದು ಜಿಬಿಯಲ್ಲಿ ಭಾರದ ಆ್ಯಪ್ ಎದ್ದಾಗ ಹಿನ್ನೆಲೆಯ ವಿಪಿಎನ್ ಆ್ಯಪ್ಪನ್ನು ಸಿಸ್ಟಂ ಕೊಂದುಹಾಕುತ್ತದೆ, ಕೀ ಚಿಹ್ನೆ ಮಾಯವಾಗುತ್ತದೆ. ಬಳಸದ ಆ್ಯಪ್ ತೆಗೆಯಿರಿ, ಒಂದೆರಡು ಜಿಬಿ ಸ್ಟೋರೇಜ್ ಖಾಲಿ ಇಡಿ, ಮೆಮೊರಿ ಕ್ಲೀನರ್ ಎಂಬ ಆ್ಯಪ್‌ಗಳನ್ನು ಹತ್ತಿರ ಸೇರಿಸಬೇಡಿ, ಅವು ಮೊದಲು ಕೊಲ್ಲುವುದೇ ವಿಪಿಎನ್ನನ್ನು. ಸತ್ತರೂ ತಾನಾಗಿ ಏಳುವಂತೆ, ಬೂಟ್ ಆದೊಡನೆ ಶುರುವಾಗುವಂತೆ ಮಾಡುವ ಎಡಿಬಿ ಸಾಲೊಂದಿದೆ. ಪೂರ್ತಿ ಬರೆಯುವುದಿಲ್ಲ, ಆಂಡ್ರಾಯ್ಡ್‌ನ ‘ಆಲ್ವೇಸ್ ಆನ್’ ಸೆಟ್ಟಿಂಗ್‌ನ ಬುಡ ಕೆದಕಿದವರಿಗೆ ಸಿಗುತ್ತದೆ.

ಸರ್ವರ್‌ಗೆ ಅಂಕಿಯ ಐಪಿ ಬದಲು ಹೆಸರಿನ ವಿಳಾಸ ಬಳಸುವವರಿಗೆ ಒಂದು ಮಾತು: ವೈರ್‌ಗಾರ್ಡ್ ಆ ಹೆಸರನ್ನು ಐಪಿಯಾಗಿ ಬಿಡಿಸುವುದು ಟನಲ್ ಏಳುವಾಗ ಮಾತ್ರ. ಮನೆಯ ಐಪಿ ಬದಲಾದರೆ ಆರಿಸಿ ಹಾಕಲೇಬೇಕು. ರೂಟರ್‌ನ ವಾನ್ (ಹೊರಗಿನ) ವಿಳಾಸ 100.64ರಿಂದ 100.127ರೊಳಗೆ ಇದ್ದರೆ ನೀವು ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಹೊರಗಿನ ವಿಳಾಸ ಹಂಚುವ ಏರ್ಪಾಡು) ಹಿಂದೆ ಇದ್ದೀರಿ, ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ವ್ಯರ್ಥ. ಪೋರ್ಟ್ ಫಾರ್ವರ್ಡ್ ಬೇಡದ ಟೇಲ್‌ಸ್ಕೇಲ್ ಎಂಬ ವಿಪಿಎನ್ ನೋಡಿ, ಆದರೆ ನೇರ ದಾರಿ ಸಿಗದೆ ರಿಲೇ (ನಡುವಿನ ಸರ್ವರ್) ಮೂಲಕ ಹೋದರೆ ವಿಡಿಯೊಗೆ ಸಾಲದು. ಎರಡೂ ಕಡೆ ಒಳಗಿನ ವಿಳಾಸಗಳು 192.168.1 ಸಾಲಿನವೇ ಆಗಿದ್ದರೆ ಮನೆಯದ್ದನ್ನು ಬದಲಿಸಿ. ಡಿಎನ್‌ಎಸ್‌ಗೆ (ಹೆಸರನ್ನು ಐಪಿಯಾಗಿ ಬಿಡಿಸುವ ಸೇವೆ) ಪೈನ ಟನಲ್ ವಿಳಾಸ ಕೊಟ್ಟಿದ್ದರೆ ಅಲ್ಲಿನ ಡಿಎನ್‌ಎಸ್ ಸೇವೆ ವೈರ್‌ಗಾರ್ಡ್ ಇಂಟರ್‌ಫೇಸ್‌ನಲ್ಲೂ ಕೇಳಿಸಿಕೊಳ್ಳುತ್ತಿರಬೇಕು.

ದುಡ್ಡಿನ ಲೆಕ್ಕ. ಮೊದಲು ಹೋದದ್ದು ಒಂದು ವಾಣಿಜ್ಯ ವಿಪಿಎನ್‌ನ ವರ್ಷದ ಚಂದಾ, ಸ್ಟಿಕ್‌ನ ಬೆಲೆಗಿಂತ ಜಾಸ್ತಿ. ವೇಗ ಚೆನ್ನಾಗಿತ್ತು, ಆದರೆ ಡೇಟಾ ಸೆಂಟರ್‌ನ ಐಪಿ ಎಂದು ಗುರುತಿಸಿ ಸ್ಟ್ರೀಮಿಂಗ್ ಸೇವೆಗಳು ಬಾಗಿಲು ಹಾಕಿದವು. ಮನೆಯ ಐಪಿಗೆ ಆ ಕಾಟವಿಲ್ಲ. ಆಮೇಲೆ ಈಥರ್ನೆಟ್ ಅಡಾಪ್ಟರ್, ಸ್ಟಿಕ್‌ನ ಮೂರನೇ ಒಂದು ಪಾಲು ಬೆಲೆ. ಅದು 100 ಎಂಬಿಪಿಎಸ್‌ನದು, ವೇಗ ಏರಲಿಲ್ಲ, ಏರಿಳಿತ ಕಡಿಮೆಯಾಯಿತು ಅಷ್ಟೇ. 5 ಗಿಗಾಹರ್ಟ್ಸ್ ವೈಫೈ ಸರಿಯಿದ್ದರೆ ಬೇಡ. ಎಲ್ಲರೂ ಹೇಳಿದ ವಿಪಿಎನ್ ರೂಟರ್‌ನ ಬೆಲೆಗೆ ಇಂಥ ನಾಲ್ಕೈದು ಸ್ಟಿಕ್ ಬರುತ್ತವೆ, ಅದನ್ನು ಕೊಳ್ಳಲೇ ಇಲ್ಲ. ಕೊನೆಗೆ ಕೆಲಸ ಮಾಡಿದ್ದು ಹಳೆಯ ಫೋನ್ ಚಾರ್ಜರ್ ಮತ್ತು ಕಾನ್ಫಿಗ್‌ನ ಎರಡು ಸಾಲು. ಪೈ ಮೊದಲೇ ಇತ್ತು. ಅದರಲ್ಲಿ ಎಇಎಸ್ ಎಂಬ ಎನ್‌ಕ್ರಿಪ್ಷನ್‌ಗೆ ಹಾರ್ಡ್‌ವೇರ್ ನೆರವು ಇಲ್ಲ, ಆದರೆ ವೈರ್‌ಗಾರ್ಡ್ ಬಳಸುವುದು ಚಾಚಾ20, ಅದಕ್ಕೆ ಆ ನೆರವು ಬೇಕಿಲ್ಲ.

ನೆನಪಿನಿಂದ ವೇಗದ ಅಂಕಿ: ಸ್ಟಿಕ್‌ನಲ್ಲೇ ಓಪನ್‌ವಿಪಿಎನ್ ಯುಡಿಪಿ 15–20 ಎಂಬಿಪಿಎಸ್, ವೈರ್‌ಗಾರ್ಡ್ 60–70. ಕುತೂಹಲಕ್ಕೆ ಓಪನ್‌ವಿಪಿಎನ್ಅನ್ನು ಟಿಸಿಪಿಯ 443 ಪೋರ್ಟ್‌ಗೆ ಹಾಕಿ ನೋಡಿದೆ. ಯುಡಿಪಿ ಮುಚ್ಚಿದ ವೈಫೈನಲ್ಲಿ ಅದೊಂದೇ ದಾಟಿತು, ಆದರೆ ಟಿಸಿಪಿಯೊಳಗೆ ಟಿಸಿಪಿ ಕೂರಿಸಿದಾಗ ಒಂದು ಪ್ಯಾಕೆಟ್ ಕಳೆದರೆ ಎರಡೂ ಪದರ ಮರುಕಳಿಸಲು ಹೊರಡುತ್ತವೆ, ಚಿತ್ರ ನಿಂತು ನಿಂತು ಓಡುತ್ತದೆ. ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗಳ ಮುಕ್ತ ಓಎಸ್) ಹಾಕಿದ ಸಿಂಗಲ್ ಕೋರ್ ಟ್ರಾವೆಲ್ ರೂಟರ್‌ನಲ್ಲೂ ವೈರ್‌ಗಾರ್ಡ್ ಓಡಿಸಿದೆ. 40ರ ಹತ್ತಿರ ಹೋಗಿ ನಿಂತಿತು, ಅಂದರೆ ಸ್ಟಿಕ್‌ಗಿಂತ ನಿಧಾನ. ರೂಟರ್ ಬದಲಿಸು ಎಂದವರಿಗೆ ಈ ಅಂಕಿ ಕಳಿಸಿದ್ದೇನೆ.

ಸದ್ಯದ ತಡೆ ಮನೆಯ ಅಪ್‌ಲೋಡ್ ಒಂದೇ. ಅಲ್ಲಿಂದ ಮೇಲೆ ಹೋಗುವುದೇ ಇಲ್ಲಿ ಕೆಳಗೆ ಬರುವುದು. 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 1080ಪಿ ಧಾರಾಳ, 4ಕೆ ಅಂಚಿನಲ್ಲಿದೆ. ಈ ಸ್ಟಿಕ್ ಹೇಗೂ 4ಕೆ ಆಡಿಸುವುದಿಲ್ಲವಾದ್ದರಿಂದ ಪ್ಲಾನ್ ಏರಿಸಿಲ್ಲ.